ಭಯ ಕೇಳಿಕೊಂಡು ಮೀನಿಗೆ ಹೋಗ್ತಿದ್ದ ಅಂಕಲ್

ಅಂಕಲ್ ಎಡಗೈ ಹೆಬ್ಬೆರಳಿಗೆ ಉಗುರೇ ಇರಲಿಲ್ಲ. ಆ ಜಾಗ ಹುಣಸೆಬೀಜದ ಥರ ನುಣ್ಣಗಿತ್ತು. ಗಾಳದ ದಾರಕ್ಕೆ ಗಂಟು ಹಾಕಿದ್ಮೇಲೆ ಆ ಬೆರಳಲ್ಲೇ ಸವರಿ ನೋಡೋರು. ಸ್ವಲ್ಪ ಒರಟು ಸಿಕ್ಕಿದ್ರೂ ಕಟ್ ಮಾಡಿ ಮತ್ತೆ ಶುರು. ನಾನು ಯೂಟ್ಯೂಬ್ ನೋಡಿ ಕಲಿತಿದ್ದ ಗಂಟು ಒಂದೂ ಪಾಸಾಗ್ತಿರಲಿಲ್ಲ.

ಅವರು ಕೊಡಗಿನೋರು, ಅಮೆರಿಕದ ಗೈದರ್ಸ್‌ಬರ್ಗ್‌ನಲ್ಲಿ ಒಂದು ಲ್ಯಾಬಲ್ಲಿ ಕೆಲಸ. ನಾನು ಮೈಸೂರಿನೋನು, ಆಶ್‌ಬರ್ನ್‌ನಲ್ಲಿ ಡೇಟಾ ಸೆಂಟರ್ ಕೆಲಸ. ಯುಗಾದಿ ಊಟದಲ್ಲಿ ಪಕ್ಕಪಕ್ಕ ಕೂತಿದ್ವಿ. ಹೊಸ ಗಾಳದ ರಾಡ್ ಬಗ್ಗೆ ನಾನು ಪಾಯಸ ಬರೋವರೆಗೂ ಕೊರೆದೆ. ಎಲ್ಲಾ ಕೇಳಿಸ್ಕೊಂಡು, "ಇಷ್ಟೆಲ್ಲ ಗೊತ್ತಲ್ಲ ಮಾರಾಯ, ಮೀನು ಯಾವತ್ತಾದ್ರೂ ಹಿಡಿದಿದ್ದೀಯಾ?" ಅಂದ್ರು. ಇಲ್ಲ ಅಂದೆ. ಹಾಗಾದ್ರೆ ನನ್ ಜೊತೆ ಸೌತ್ ಕೆರೊಲೈನಾಗೆ ಬಾ ಅಂದ್ರು.

ಪ್ರತಿ ಏಪ್ರಿಲ್‌ನಲ್ಲಿ ಅವರು ಅಲ್ಲಿ ಸಮುದ್ರದ ಹತ್ತಿರದ ಕಾಡಿಗೆ ಟರ್ಕಿ ಕೋಳಿ ಬೇಟೆಗೆ ಹೋಗ್ತಿದ್ರು. ಬೆಳಗ್ಗೆ ಬಂದೂಕು. ಬಿಸಿಲೇರಿ ಹಕ್ಕಿ ಕೂಗು ನಿಂತ್ಮೇಲೆ ಗಾಳ. ಕಾಡು ಮುಗಿಯೋ ಕಡೆಯಿಂದಲೇ ಉಪ್ಪುನೀರಿನ ಜವುಗು, ಆಳೆತ್ತರದ ಹುಲ್ಲು, ಮಧ್ಯೆ ಸೊಟ್ಟಸೊಟ್ಟ ಕಾಲುವೆಗಳು. ಉಬ್ಬರದಲ್ಲಿ ತುಂಬುತ್ತೆ, ಇಳಿತದಲ್ಲಿ ಖಾಲಿಯಾಗುತ್ತೆ. ಅದರೊಳಗೆ ರೆಡ್‌ಫಿಶ್. ಒಂದೇ ಟ್ರಿಪ್ಪಲ್ಲಿ ಬೇಟೆನೂ ಮೀನೂ ಅಂದ್ರೆ ನಂಗೆ ಹುಚ್ಚು ಹಿಡಿಯದೆ ಇನ್ನೇನು.

ಅಂಕಲ್‌ದು ಒಂದು ಅಭ್ಯಾಸ ಇತ್ತು. ಹೊಸ ಜಾಗಕ್ಕೆ ಹೋದ್ರೆ ಎಲ್ಲರೂ ಮೀನು ಎಲ್ಲಿದೆ ಅಂತ ಕೇಳ್ತಾರೆ. ಇವರು ಮಾತ್ರ, ಇಲ್ಲಿ ಯಾವುದಕ್ಕೆ ಭಯ ಪಡಬೇಕು ಅಂತ ಕೇಳೋರು. ನಂಗೆ ನಾಚಿಕೆ ಆಗ್ತಿತ್ತು. ಅವತ್ತು ಸಿಗಡಿ ಮಾರ್ತಿದ್ದ ಹೆಂಗಸು, ಕೆಸರಿಗೆ ಅಂದ್ಳು. ಅಂಕಲ್ ದೋಣಿ ನೀರಿಗಿಳಿಸೋ ತನಕ ಅದನ್ನೇ ಹೇಳಿದ್ರು, ದೋಣಿಯಿಂದ ಕಾಲು ಕೆಳಗಿಡಬೇಡ ಅಂತ. ನಾನು ಒಳಗೊಳಗೇ ನಕ್ಕೆ. ಮಂಡ್ಯದಲ್ಲಿ ಅಜ್ಜಿ ಗದ್ದೇಲಿ ನಾಟಿ ಟೈಮಲ್ಲಿ ಓಡಾಡಿದೋನು ನಾನು. ಕೆಸರು ಅಂದ್ರೆ ಎಷ್ಟು, ಮೊಣಕಾಲವರೆಗೆ. ಅದರ ಕೆಳಗೆ ಗಟ್ಟಿ ನೆಲ ಇದ್ದೇ ಇರುತ್ತೆ.

ಮೀನು ಚೆನ್ನಾಗಿ ಕಚ್ತಿತ್ತು, ನೀರು ಇಳಿಯೋದು ಗೊತ್ತಾಗ್ಲಿಲ್ಲ. ದೋಣಿ ದಡದ ಕೆಸರಿಗೆ ಕೂತ್ಕೊಂಡ್ಬಿಡ್ತು. ಉಬ್ಬರ ಬರುತ್ತೆ, ಕಾಯೋಣ ಅಂದ್ರು ಅಂಕಲ್. ಒಂದೇ ಒಂದು ಸಲ ತಳ್ಳಿದ್ರೆ ಸಾಕು ಅಂತ ನಾನು ಇಳಿದೆ.

ಮೊದಲನೇ ಹೆಜ್ಜೆ ಮೊಣಕಾಲು. ಎರಡನೇದು ತೊಡೆ. ಕೆಳಗೆ ನೆಲ ಹುಡುಕ್ತಾ ಹೋದೆ, ನೆಲವೇ ಇಲ್ಲ. ಒಂದು ಕಾಲು ಎಳೆದ್ರೆ ಇನ್ನೊಂದು ಒಳಕ್ಕೆ. ಕೊಳೆತ ಮೊಟ್ಟೆ ವಾಸನೆ. ಸೊಂಟದವರೆಗೂ ಹೋಗಿದ್ದೆ. ಫೋನಲ್ಲಿ ಸಿಗ್ನಲ್ ಇಲ್ಲ. ಅಷ್ಟು ಹೊತ್ತು ಸಮುದ್ರದ ಕಡೆ ಹೋಗ್ತಿದ್ದ ನೊರೆ ನಿಂತು, ನನ್ ಕಡೆ ತಿರುಗ್ತು. ಉಬ್ಬರ ಶುರುವಾಗಿತ್ತು.

ಎಳೀರಿ ಅಂಕಲ್ ಅಂತ ಅರಚಿದೆ.

"ಎಳೆದ್ರೆ ನಾನೂ ಅಲ್ಲಿಗೇ ಬರ್ತೀನಿ. ನಂಗೆ ತುಂಬಾ ಭಯ ಆಗ್ತಿದೆ ಮಾರಾಯ. ಅದಕ್ಕೇ ನಿಧಾನಕ್ಕೆ ಮಾಡ್ತೀನಿ. ಅಲ್ಲಾಡ್ಬೇಡ."

ಹಗ್ಗದ ಒಂದು ತುದಿ ದೋಣಿಗೆ ಕಟ್ಟಿ, ಇನ್ನೊಂದನ್ನ ನನ್ ಕಂಕುಳಿಗೆ ಹಾಕಿಸಿದ್ರು. ಸೀಟಿನ ಹಲಗೆ, ಐಸ್ ಬಾಕ್ಸಿನ ಮುಚ್ಚಳ ನನ್ ಬೆನ್ನ ಹಿಂದೆ ಕೆಸರಿನ ಮೇಲೆ ಹಾಸಿದ್ರು. ಹಿಂದಕ್ಕೆ ಮಲಗು, ಭಾರ ಹರಡಿದ್ರೆ ಕಾಲು ಸಡಿಲ ಆಗುತ್ತೆ ಅಂದ್ರು. ನೀರು ಏರ್ತಿರುವಾಗ ಮಲಗೋದಾ? ಆಗಲ್ಲ ಅಂತ ಅತ್ತೆ. ಅವರು ದೋಣಿ ಅಂಚಲ್ಲಿ ಬೋರಲು ಮಲಗಿ, ಎರಡೂ ಕೈಯಲ್ಲಿ ನನ್ ತಲೆ ಎತ್ತಿ ಹಿಡ್ಕೊಂಡ್ರು. "ಬೂಟಿನ ಆಸೆ ಬಿಡು. ಪಾದ ಮಾತ್ರ ಬಿಡಿಸ್ಕೋ."

ಒಂದು ಪಾದ ಬಂತು. ಇನ್ನೊಂದು ಬರೋ ಹೊತ್ತಿಗೆ ನೀರು ಎದೆ ಮೇಲೆ ಹರೀತಿತ್ತು, ಕಿವಿ ತುಂಬ್ಕೊಂಡು ಅವರ ಮಾತು ಕೇಳಿಸ್ತಿರಲಿಲ್ಲ, ಬಾಯಿ ಅಲ್ಲಾಡೋದು ಮಾತ್ರ ಕಾಣ್ತಿತ್ತು. ಹೇಗೆ ದೋಣಿಗೆ ಬಂದೆ ಅನ್ನೋದು ಸರಿಯಾಗಿ ನೆನಪಿಲ್ಲ.

ಮೋಟೆಲಿಗೆ ವಾಪಸ್ ಬರ್ತಾ ಗ್ಯಾಸ್ ಸ್ಟೇಷನ್ನಲ್ಲಿ ನಿಲ್ಲಿಸಿ, ನಿನ್ ಅಮ್ಮನ ನಂಬರ್ ಹಾಕ್ಕೊಡು ಅಂದ್ರು. ಮೈಸೂರಲ್ಲಿ ಈಗ ಮಧ್ಯರಾತ್ರಿ, ಮಲಗಿರ್ತಾಳೆ, ಬೇಡ ಅಂಕಲ್ ಅಂದೆ. ಕೇಳಲಿಲ್ಲ. ಯಾವತ್ತೂ ನೋಡದ ನನ್ನ ಅಮ್ಮನ್ನ ಎಬ್ಬಿಸಿ, ಒಂದೂ ಬಿಡದೆ ಹೇಳಿದ್ರು, ತಪ್ಪು ನಂದೂ ಇದೆ ತಾಯಿ ಅಂದ್ರು. ಅಮ್ಮ, ಅವನು ಊಟ ಮಾಡಿದ್ನಾ ಅಂತ ಒಂದೇ ಕೇಳಿದ್ದು. ನಂಗೆ ಸಿಟ್ಟು ಬಂದಿತ್ತು. ಕಾರಲ್ಲಿ ಮುಖ ತಿರುಗಿಸ್ಕೊಂಡಿದ್ದೆ. "ನೀನಾಗೇ ಹೇಳಿದ್ರೆ ಜೋಕ್ ಮಾಡಿ ಹೇಳ್ತಿದ್ದೆ. ಜೋಕ್ ಆದ್ಮೇಲೆ ಮತ್ತೆ ಇಳೀತೀಯ," ಅಂದ್ರು, ಅಷ್ಟೇ.

ಹೋದ ಚಳಿಗಾಲ ಹಾರ್ಟ್ ಅಟ್ಯಾಕಲ್ಲಿ ಅಂಕಲ್ ಹೋಗ್ಬಿಟ್ರು. ಅಮ್ಮನಿಗೆ ವೀಸಾ ಸಿಕ್ಕಿದ್ದು ಅದಾದ್ಮೇಲೆ. ಬಂದ ವಾರಾನೇ ಗೈದರ್ಸ್‌ಬರ್ಗ್‌ಗೆ ಕರ್ಕೊಂಡು ಹೋಗು ಅಂದ್ಳು. ಅಲ್ಲಿ ಅಂಕಲ್ ಮನೇಲಿ ಆಂಟಿ ಕೈ ಹಿಡ್ಕೊಂಡು ಕೂತು, "ನನ್ ಮಗನ್ನ ವಾಪಸ್ ಕೊಟ್ಟೋರಿಗೆ ಒಂದು ಹೊತ್ತು ಊಟ ಹಾಕೋಕಾಗ್ಲಿಲ್ಲ," ಅಂತ ಅತ್ಲು.

ಆಂಟಿ ನನ್ ಕಡೆ ನೋಡ್ದೆ, ಅಮ್ಮನಿಗೆ ಹೇಳಿದ್ರು. ಆ ಟ್ರಿಪ್ಪಿಂದ ಬಂದ್ಮೇಲೆ ಅಂಕಲ್‌ಗೆ ನಿದ್ದೆ ಬರ್ತಿರಲಿಲ್ವಂತೆ. ಲೈಟ್ ಹಾಕ್ಕೊಂಡೇ ಮಲಗೋರಂತೆ, ಕಣ್ಮುಚ್ಚಿದ್ರೆ ಹುಡುಗನ ತಲೆ ಕೈಯಿಂದ ಜಾರಿ ಹೋಗುತ್ತೆ ಅಂತಿದ್ರಂತೆ. ತಿಂಗಳುಗಟ್ಟಲೆ.

ನಾನು ಅವತ್ತು ರಾತ್ರಿ ಮೋಟೆಲಲ್ಲಿ ಪಿಜ್ಜಾ ತಿಂದು ಗಡದ್ದಾಗಿ ನಿದ್ದೆ ಹೊಡೆದಿದ್ದೆ.