ತಮ್ಮನ ಕೋವಿಯ ಎರಡು ಚೋಕ್

ಬೆಳಗಿನ ಐದೂವರೆ. ಕೊಲ್ಲೆರಾತ್ತೋ ಗುಡ್ಡದ ಮೇಲಿನ ಹಾರುವ ಮಣ್ಣಿನ ಬಿಲ್ಲೆಗೆ ಗುರಿಯಿಟ್ಟು ಹೊಡೆಯುವ ಮೈದಾನದಲ್ಲಿ ಇನ್ನೂ ಒಂದು ಗುಂಡೂ ಹಾರಿಲ್ಲ. ಬಾರಿನ ಹಿಂದಿನ ತಗಡಿನ ಕೋಣೆಯಲ್ಲಿ ಎರ್ಸಿಲಿಯಾ ಬರ್ತೊಲಾಚ್ಚಿ ಸ್ಟೂಲಿನ ಮೇಲೆ ಕೂತು, ಮೇಲೊಂದು ಕೆಳಗೊಂದು ನಳಿಗೆಯಿರುವ ಜೋಡುನಳಿಗೆ ಕೋವಿಯೊಂದರ ಬಾಯಿಗೆ ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆ ಸುತ್ತುತ್ತಿದ್ದಾರೆ. ನಾಲ್ಕು ದಿನದಿಂದ ಇದೇ ಕೆಲಸ. ಎಣ್ಣೆ ಬಿಡುವುದು, ಬೆಚ್ಚಗೆ ಮಾಡುವುದು, ಹಿತ್ತಾಳೆಯ ಕೀಲಿ ಹಾಕಿ ತಿರುಗಿಸಿ ನೋಡುವುದು, ಕೈಬಿಡುವುದು. ನಳಿಗೆಯೊಳಗಿನ ಚೋಕ್ ಕೂದಲೆಳೆಯಷ್ಟೂ ಅಲ್ಲಾಡಿಲ್ಲ.

“ಜೋರು ಮಾಡಿದ್ರೆ ಥ್ರೆಡ್ ಕಿತ್ತೋಗುತ್ತೆ. ಆಮೇಲೆ ಅದು ದೇವರಿಗೇ ಬಿಟ್ಟಿದ್ದು” ಎನ್ನುತ್ತಾರೆ, ಕೀಲಿಯನ್ನು ಏಪ್ರನ್ನಿಗೆ ಒರೆಸುತ್ತ.

ಕೋವಿ ಅವರ ತಮ್ಮ ಎಲ್ವಿಯೋನದು. ಎಲ್ವಿಯೋ ಫೆಬ್ರವರಿಯಲ್ಲಿ ತೀರಿಕೊಂಡ. ಅದಕ್ಕೂ ಮುಂಚೆ ಇಪ್ಪತ್ತೆರಡು ವರ್ಷ ಅಕ್ಕನ ಜೊತೆ ಮಾತು ಬಿಟ್ಟಿದ್ದ. ಲೈಸೆನ್ಸ್ ಸತ್ತವನ ಜೊತೆಗೇ ಹೋಯಿತು, ಕೊಳ್ಳುವವರು ಸಿಗಲಿಲ್ಲ. ಶುಕ್ರವಾರ ಕೋವಿಯನ್ನು ಠಾಣೆಗೆ ಒಪ್ಪಿಸಬೇಕು, ಅಲ್ಲಿಂದ ಅದು ಕುಲುಮೆಗೆ ಹೋಗುತ್ತದೆ. ಇವತ್ತು ಬುಧವಾರ. ಅಕ್ಕ ತಮ್ಮ ಯಾಕೆ ಮುನಿದುಕೊಂಡರೋ ಅದರ ಉತ್ತರ ಈ ಎರಡು ನಳಿಗೆಗಳ ಒಳಗಿದೆ. ಕರಗುವ ಮುಂಚೆ ಎರ್ಸಿಲಿಯಾ ಅದನ್ನೊಮ್ಮೆ ಕಣ್ಣಾರೆ ನೋಡಬೇಕು.

ಅರವತ್ತನಾಲ್ಕರ ಈ ಹೆಂಗಸನ್ನು ಮೈದಾನದಲ್ಲಿ ಎಲ್ಲರೂ ಅತ್ತೆ ಎಂದೇ ಕರೆಯುತ್ತಾರೆ. ವಾರದ ದಿನಗಳಲ್ಲಿ ಬಾರಿನ ಅಡುಗೆಮನೆಯಲ್ಲಿ ಕ್ರೆಷಾ ರೊಟ್ಟಿ ಸುಡುವುದು, ಹುಲ್ಲಲ್ಲಿ ಒಡೆಯದೆ ಬಿದ್ದ ಮಣ್ಣಿನ ಬಿಲ್ಲೆಗಳನ್ನು ಆರಿಸಿ ತರುವುದು. ಭಾನುವಾರ ಬಂತೆಂದರೆ ಮೂವತ್ತೊಂದು ಚೋಕ್‌ಗಳ ಮರದ ಪೆಟ್ಟಿಗೆ ತೆರೆದು ಬಾಗಿಲಲ್ಲಿ ಕೂರುತ್ತಾರೆ. ಮಧ್ಯಾಹ್ನದೊಳಗೆ ನಲವತ್ತು ಕೋವಿ ಅವರ ಕೈ ದಾಟಿ ಹೋಗುತ್ತವೆ. ಸಿಡಿತದ ಸದ್ದಿಗೆ ಬಲಗಿವಿ ಅರ್ಧ ಹೋಗಿದೆ, ಮಾತಾಡಿಸುವವರು ಎಡಕ್ಕೆ ಬಂದು ನಿಲ್ಲಬೇಕು.

ಚೋಕ್ ಅಂದರೆ ಕೋವಿಯ ಬಾಯೊಳಗೆ ತಿರುಗಿಸಿ ಕೂರಿಸುವ ಬೆರಳುದ್ದದ ಉಕ್ಕಿನ ಕೊಳವೆ. ಅದು ಬಾಯನ್ನು ಬಿಗಿ ಮಾಡಿದಷ್ಟೂ ತೋಟೆಯ ಸಣ್ಣ ಗುಂಡುಗಳ ಚರೆ ಒತ್ತಾಗಿ ದೂರ ಹೋಗುತ್ತದೆ, ಸಡಿಲ ಬಿಟ್ಟಷ್ಟೂ ಹತ್ತಿರದಲ್ಲೇ ಅಗಲಕ್ಕೆ ಹರಡುತ್ತದೆ. ಎಷ್ಟು ಬಿಗಿ ಎಂದು ತೋರಿಸಲು ಮೇಲೆ ನಕ್ಷತ್ರ ಕೊರೆದಿರುತ್ತಾರೆ. ಲೆಕ್ಕ ಮಾತ್ರ ತಿರುಗುಮುರುಗು. ಒಂದು ನಕ್ಷತ್ರವೇ ಎಲ್ಲಕ್ಕಿಂತ ಬಿಗಿ, ನಾಲ್ಕು ಎಂದರೆ ಬಲು ಸಡಿಲ.

ಕಳೆದ ಭಾನುವಾರ ಬಂದ ಹಲ್ಲಿನ ಡಾಕ್ಟರ್ ಗ್ವಾಲ್ತಿಯೇರೋಗೆ ಇದು ಗೊತ್ತಿರಲಿಲ್ಲ. “ಅತ್ತೆ, ಒಳ್ಳೇ ಬಿಗಿಯಾದ್ದು ಕೊಡಿ. ನಾಲ್ಕು ನಕ್ಷತ್ರದ್ದೇ ಇರ್ಲಿ, ಕಮ್ಮಿದೆಲ್ಲ ನಂಗ್ಬೇಡ” ಎಂದು ಕೈ ಚಾಚಿದ್ದ. ಎರ್ಸಿಲಿಯಾ ಮುಖದಲ್ಲಿ ಒಂದು ಗೆರೆಯೂ ಅಲುಗಿಸದೆ ನಾಲ್ಕು ನಕ್ಷತ್ರದ್ದನ್ನೇ ಹಾಕಿಕೊಟ್ಟರು. ಡಾಕ್ಟರ್ ಇಪ್ಪತ್ತೈದು ಬಿಲ್ಲೆಯಲ್ಲಿ ಹದಿನಾರು ಒಡೆದು, ಕಾಫಿಗೆ ಸೋಂಪಿನ ಸಾರಾಯಿ ಸುರಿಸಿಕೊಂಡು ಬೀಗುತ್ತ ಹೋದ.

“ಅವ್ನಿಗೆ ಬೇಕಾಗಿದ್ದೂ ಅದೇ ತಾನೆ” ಎನ್ನುತ್ತಾರೆ. “ನಿಜ ಹೇಳಿದ್ರೆ ಒಂದು ನಕ್ಷತ್ರದ್ದು ಬೇಕು ಅಂತ ಹಟ ಹಿಡೀತಿದ್ದ, ಮೂರೂ ಒಡೀತಿರ್ಲಿಲ್ಲ. ಭಾನುವಾರ ಖುಷಿಗೆ ಬರೋರ್ಗೆ ಇಪ್ಪತ್ತೈದು ಮೂವತ್ತು ಮೀಟರ್ ಒಳಗೇ ಆಟ. ಸಡಿಲದ್ದು ಹಾಕ್ಕೊಂಡು, ಮುಟ್ಟದೆ, ವರ್ಷಗಟ್ಲೆ ಅದ್ರಲ್ಲೇ ಹೊಡೀಬೇಕು. ಇವ್ರು ಒಂದು ತಪ್ಪಿದ ತಕ್ಷಣ ಚೋಕ್ ಬದ್ಲಾಯ್ಸೋಕೆ ಬರ್ತಾರೆ. ತಪ್ಪೋದು ಭುಜ ಕಣ್ರೀ. ಚೋಕ್ ಏನು ಮಾಡುತ್ತೆ ಪಾಪ?”

ಈ ಮಾತನ್ನು ಅವರು ಎಲ್ಲರಿಗೂ ಹೇಳಿದ್ದಾರೆ, ಒಬ್ಬನಿಗೆ ಮಾತ್ರ ಹೇಳಲಾಗಲಿಲ್ಲ.

ಪೆಟ್ಟಿಗೆ ಅಪ್ಪ ನಝರೇನೋನದು. ಲೇತ್ ಮೇಲೆ ತಾನೇ ಕಡೆದ ಚೋಕ್‌ಗಳಿಗೆ ಅವನು ನಕ್ಷತ್ರವನ್ನು ಪಕ್ಕದಲ್ಲಿ ಕೊರೆಯುತ್ತಿದ್ದ. ನಳಿಗೆಯೊಳಗೆ ಕೂತ ಮೇಲೆ ಅದು ಕಾಣದು, ತೆಗೆದರಷ್ಟೇ ತಿಳಿಯುವುದು. ಅಪ್ಪನ ಕೈ ನಡುಗತೊಡಗಿದಾಗ ಪೆಟ್ಟಿಗೆ ಮಗಳ ಮಡಿಲಿಗೆ ಬಂತು. ಹೆಂಗಸು ಹಾಕಿದ ಚೋಕ್‌ನಲ್ಲಿ ಹೊಡೆಯುವುದಿಲ್ಲವೆಂದು ಕೆಲವರು ಮುಖ ತಿರುಗಿಸಿದರು. ಆಗ ಮೊದಲು ತನ್ನ ಕೋವಿ ತಂದು ಅಕ್ಕನ ಮುಂದಿಟ್ಟವನು ಎಲ್ವಿಯೋ. “ಹಾಕಕ್ಕ, ನಾನು ಗೆದ್ರೆ ಇವ್ರೆಲ್ಲ ನಿನ್ ಮುಂದೆ ಸಾಲು ನಿಲ್ತಾರೆ” ಅಂದಿದ್ದ. ಹಾಗೇ ಆಯಿತು.

ಇಪ್ಪತ್ತೆರಡು ವರ್ಷದ ಹಿಂದೆ, ಪ್ರಾಂತ್ಯದ ತಂಡಕ್ಕೆ ಆಯ್ಕೆ ನಡೆದ ದಿನ ಎರ್ಸಿಲಿಯಾ ಹನ್ನೊಂದು ಕೋವಿಗೆ ಚೋಕ್ ಹಾಕಿದ್ದರು. ನಡುವೆ ಆಸ್ಪತ್ರೆಯಿಂದ ಫೋನು, ಅಪ್ಪನಿಗೆ ಉಸಿರು ಕಟ್ಟುತ್ತಿದೆ ಎಂದು. ಎಲ್ವಿಯೋನ ಕೋವಿಗೆ ಕೆಳಗಿನ ನಳಿಗೆಯಲ್ಲಿ ಮೂರು ನಕ್ಷತ್ರ, ಮೇಲಿನದರಲ್ಲಿ ಒಂದು ನಕ್ಷತ್ರ ಇರಬೇಕು. ಮೊದಲು ಸಿಡಿಯುವುದು ಕೆಳಗಿನದು, ಆಗ ಬಿಲ್ಲೆ ಹತ್ತಿರ. ಅದು ತಪ್ಪಿದರೆ ಮೇಲಿನದು, ಅಷ್ಟರಲ್ಲಿ ಬಿಲ್ಲೆ ದೂರ ಹೋಗಿರುತ್ತದೆ. ಅಂದು ಎಲ್ವಿಯೋಗೆ ಒಂದೇ ಒಂದು ಬಿಲ್ಲೆಯಿಂದ ತಂಡ ಕೈತಪ್ಪಿತು.

“ಎಲ್ಲರ ಮುಂದೆ ಬಂದು ನಿಂತ. ‘ಒಡೆದವೆಲ್ಲ ಹೊಗೆ ಆದ್ವು, ಚೂರೇ ಬೀಳ್ಲಿಲ್ಲ. ಹತ್ತಿರದಲ್ಲೇ ಚರೆ ಅಷ್ಟು ಒತ್ತಾಗಿ ಬಿದ್ದಿದೆ ಅಂದ್ರೆ ಕೆಳಗೆ ಬಿಗಿಯಾದ್ದು ಹಾಕಿದೀಯ. ಅದಲು ಬದಲು ಮಾಡಿದೀಯ’ ಅಂದ. ತೆಗೆದು ತೋರ್ಸ್ತೀನಿ ಕೊಡೋ ಅಂದೆ. ‘ಇನ್ನು ನನ್ ಕೋವಿ ಮುಟ್ಬೇಡ’ ಅಂತ ಚೀಲಕ್ಕೆ ಹಾಕ್ಕೊಂಡು ಹೋದ. ನಾನು ಸರಿಯಾಗೇ ಹಾಕಿದೀನಿ ಅಂತ ಎದೆ ತಟ್ಟಿ ಹೇಳೋಣ ಅಂದ್ರೆ ನಂಗೇ ನೆನಪಿಲ್ಲ. ಕಿವಿಯಲ್ಲಿ ಫೋನು, ಕೈಯಲ್ಲಿ ಚೋಕ್. ನೆನಪಿಲ್ಲ ನೋಡಿ.”

ಎಲ್ವಿಯೋ ಮತ್ತೆ ಕೋವಿ ಹಿಡಿಯಲಿಲ್ಲ. ಅಪ್ಪನ ಮಣ್ಣಿಗೆ ಬಂದವನು ಗೋರಿಯ ಆ ಬದಿಗೆ ನಿಂತ. ಎರ್ಸಿಲಿಯಾ ಪ್ರತಿ ಕ್ರಿಸ್‌ಮಸ್‌ಗೆ ಅವನಿಗಿಷ್ಟವೆಂದು ಚಾವುಸ್ಕೊಲೋ ಎಂಬ ಮೆತ್ತನೆಯ ಹಂದಿಮಾಂಸದ ಸಾಸೇಜು ಕಟ್ಟಿ ಕಳಿಸುತ್ತಿದ್ದರು. ಪೊಟ್ಟಣ ವಾಪಸ್ಸು ಬರುತ್ತಿರಲಿಲ್ಲ, ಮಾತೂ ಬರುತ್ತಿರಲಿಲ್ಲ. ಊರಿಗೂರೇ ಅವರನ್ನು ತಮ್ಮನ ಭಾಗ್ಯ ಕೆಡಿಸಿದವಳೆಂದು ನಂಬಿತ್ತು, ಅವರೂ ನಂಬಿದ್ದರು. ಅಂದಿನಿಂದ ಪ್ರತಿ ಚೋಕ್ ಹಾಕುವಾಗಲೂ ನಕ್ಷತ್ರವನ್ನು ಗಟ್ಟಿಯಾಗಿ ಎಣಿಸುತ್ತಾರೆ. ಹೊಸಬರು ನಗುತ್ತಾರೆ, ಹಳಬರು ಆಚೆ ನೋಡುತ್ತಾರೆ.

ಕೋವಿಯನ್ನು ತಂದುಕೊಟ್ಟವಳು ಎಲ್ವಿಯೋನ ಹೆಂಡತಿ ಲೋರೆಡಾನಾ. ಇವತ್ತೂ ಬಂದಿದ್ದಾಳೆ, ಕೆಲಸಕ್ಕೆ ಹೋಗುವ ಮುಂಚೆ. “ಕಡೇ ವಾರ ಒಂದ್ಸಲ ಅಂದ್ರು, ‘ಕೋವೀನ ಅಕ್ಕನ ಕೈಗೇ ಕೊಡು, ಬೇರೆ ಯಾರೂ ಬಿಚ್ಚೋದ್ಬೇಡ’ ಅಂತ. ಯಾಕೆ ಅಂದೆ. ಗೋಡೆ ಕಡೆ ತಿರುಗಿ ಮಲಗಿದ್ರು” ಎನ್ನುತ್ತಾಳೆ.

ಆರೂ ಕಾಲಿಗೆ ಕೀಲಿ ತಿರುಗುತ್ತದೆ. ಮೊದಲು ಒಂದು ಕಿರ್ರೆನ್ನುವ ಸದ್ದು, ಆಮೇಲೆ ಕಾಲು ಸುತ್ತು. ಎರ್ಸಿಲಿಯಾ ಉಸಿರು ಬಿಡದೆ ತಿರುಗಿಸುತ್ತಾರೆ. ಕೆಳಗಿನ ಚೋಕ್ ಅಂಗೈಗೆ ಬೀಳುತ್ತದೆ. ಅದರ ಸುತ್ತ ಅರಗಿನಂತೆ ಗಟ್ಟಿಯಾದ ಕೆಂಪು ಗ್ರೀಸು. ಆ ವರ್ಷ ಅಪ್ಪ ಎಲ್ಲಿಂದಲೋ ತಂದಿದ್ದು ಅದೊಂದೇ ಡಬ್ಬಿ, ಆ ಚಳಿಗಾಲಕ್ಕೇ ಮುಗಿದಿತ್ತು. ಅಂದರೆ ಅವತ್ತು ಅವರು ಹಾಕಿದ ಮೇಲೆ ಯಾರೂ ಇದನ್ನು ಬಿಚ್ಚಿಲ್ಲ. ಗ್ರೀಸನ್ನು ಉಗುರಿನಿಂದ ಕೆರೆದು, ಕನ್ನಡಕ ಹಣೆಗೇರಿಸಿ, ಕಿಟಕಿಯ ಬೆಳಕಿಗೆ ಹಿಡಿಯುತ್ತಾರೆ.

ಮೂರು ನಕ್ಷತ್ರ.

ಮೇಲಿನದು ಇನ್ನೂ ಬೇಗ ಬರುತ್ತದೆ. ಅದೇ ಕೆಂಪು ಗ್ರೀಸು, ಒಂದೇ ನಕ್ಷತ್ರ.

“ಸರಿಯಾಗೇ ಇದೆಯಲ್ಲ ಅತ್ತಿಗೆ” ಎನ್ನುತ್ತಾಳೆ ಲೋರೆಡಾನಾ. “ತಪ್ಪು ನಿಮ್ದಾಗಿರ್ಲೇ ಇಲ್ಲ. ಇಷ್ಟು ವರ್ಷ ಸುಮ್ನೆ.”

ಸಂತೋಷ ಪಡಬೇಕಾದ ಹೊತ್ತು, ಎರ್ಸಿಲಿಯಾ ಮುಖದಲ್ಲಿ ಅದರ ಸುಳಿವಿಲ್ಲ. ಎರಡೂ ಚೋಕ್‌ಗಳನ್ನು ಬಟ್ಟೆಯಲ್ಲಿ ಒರೆಸುತ್ತಾರೆ, ಒರೆಸಿದ್ದನ್ನೇ ಮತ್ತೆ ಒರೆಸುತ್ತಾರೆ.

“ಅವ್ನಿಗೂ ಅನುಮಾನ ಇತ್ತು ಕಣೆ” ಎನ್ನುತ್ತಾರೆ ಕೊನೆಗೆ. “ಬಿಚ್ಚಿ ನೋಡೋಕೆ ಎರಡು ನಿಮಿಷ ಸಾಕಿತ್ತು. ಹೆದರ್ಕೊಂಡ. ನಾನು ಸರಿಯಾಗಿ ಹಾಕಿದೀನಿ ಅಂತ ಗೊತ್ತಾದ್ರೆ ಆ ಒಂದು ಬಿಲ್ಲೆ ತಪ್ಪಿದ್ದು ಅವ್ನ ತಲೆ ಮೇಲೇ ಬರ್ತಿತ್ತಲ್ಲ.”

ಮೈದಾನದ ಕಡೆಯಿಂದ ಯಾರೋ ಅತ್ತೆ ಎಂದು ಕೂಗುತ್ತಾರೆ. ಅವರು ಏಳುವುದಿಲ್ಲ.

“ಬದುಕಿದ್ದಾಗ ಒಂದ್ಸಲ ತಂದಿದ್ರೆ ಸಾಕಿತ್ತು, ಲೋರೆಡಾನಾ. ನಾನೇ ಬಿಚ್ಚಿ, ಅವ್ನಿಗೆ ನಕ್ಷತ್ರ ಕಾಣ್ದಂಗೆ ಒರೆಸಿ ಪೆಟ್ಟಿಗೆಗೆ ಹಾಕ್ಬಿಟ್ಟು, ‘ಹೌದು ಕಣೋ, ಅದಲು ಬದಲೇ ಆಗಿದೆ, ತಪ್ಪು ನಂದೇ’ ಅಂತಿದ್ದೆ. ಅವ್ನು ಬೈದುಬಿಟ್ಟು, ಕೂತು ಊಟ ಮಾಡ್ಕೊಂಡು ಹೋಗ್ತಿದ್ದ.”