ಸ್ಕ್ರೂ ಮೇಲಿನ ಕೆಂಪು ಅರಗು

ಚನ್ನಪಟ್ಟಣದ ಗೊಂಬೆ ಮಾಡುವವರ ಬೀದಿಯಲ್ಲಿ ಸಾಬಿರಾಳ ಮನೆ ಯಾವುದೆಂದು ಯಾರನ್ನೂ ಕೇಳಬೇಕಾಗಿಲ್ಲ. ಬೇರೆ ಮನೆಗಳಿಂದ ಗೊಂಬೆ ಕಡೆಯುವ ಮೋಟಾರಿನ ಸದ್ದು ಬಂದರೆ, ಇವಳ ಹಿತ್ತಲಿನಿಂದ ಮರ ಕುಯ್ಯುವ ಮಿಷನ್ನಿನ ಸದ್ದು ಬರುತ್ತದೆ. ಹಳೇ ಚೈನ್ ಸಾ ರಿಪೇರಿ ಅವಳ ಕಸುಬು. ಕನಕಪುರ, ಮಾಗಡಿ ಕಡೆಯವರು ಕೂಡ ಮಿಷನ್ನನ್ನು ಗೋಣಿಚೀಲದಲ್ಲಿ ಸುತ್ತಿ ಬೈಕಿನ ಹಿಂದೆ ಕಟ್ಟಿಕೊಂಡು ಬರುತ್ತಾರೆ. ಹೊಸಬರಾದರೆ ಬಾಗಿಲಲ್ಲಿ ನಿಂತು, "ಮನೇಲಿ ಗಂಡಸ್ರು ಯಾರೂ ಇಲ್ವಾ?" ಅನ್ನುತ್ತಾರೆ. ಸಾಬಿರಾ ಅದಕ್ಕೆ ಉತ್ತರ ಕೊಡುವ ಗೋಜಿಗೆ ಹೋಗುವುದಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಅವರೆದುರೇ ಮಿಷನ್ ಬಿಚ್ಚಲು ಕೂರುತ್ತಾಳೆ. ಅರ್ಧ ಬಿಚ್ಚುವ ಹೊತ್ತಿಗೆ ಕೇಳಿದವನಿಗೇ ತಾನು ಕೇಳಿದ್ದು ಮರೆತಿರುತ್ತದೆ.

ಕಸುಬು ಮೊದಲು ಗಂಡ ಮೆಹಬೂಬನದ್ದು. ಅವನ ಅಪ್ಪ ಆಲೆ ಮರ ಕಡೆದು ಗೊಂಬೆ ಮಾಡುತ್ತಿದ್ದವರು. ಮಗನಿಗೆ ಮರಕ್ಕಿಂತ ಅದನ್ನು ಕುಯ್ಯುವ ಮಿಷನ್ನೇ ಹೆಚ್ಚು ಹಿಡಿಸಿತು. "ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ" ಎಂದು ಅಪ್ಪ ಸಾಯುವವರೆಗೂ ಗೊಣಗಿದರು. ಮೆಹಬೂಬ್ ಗುಜರಿಗೆ ಬಿದ್ದ ಮಿಷನ್ನುಗಳನ್ನು ಆರಿಸಿ ತಂದು, ಒಂದರ ಭಾಗ ಇನ್ನೊಂದಕ್ಕೆ ಜೋಡಿಸಿ ಓಡಿಸುತ್ತಿದ್ದ. ಸಾಬಿರಾ ಪಕ್ಕದಲ್ಲಿ ಕೂತು ಕಾರ್ಬರೇಟರ್ ತೊಳೆಯುತ್ತಾ, ಚೈನಿನ ಹಲ್ಲುಗಳನ್ನು ಅರದಿಂದ ಉಜ್ಜುತ್ತಾ ಕೆಲಸ ಕಲಿತಳು.

ಒಂದು ಕೆಲಸ ಮಾತ್ರ ಅವನು ಅವಳಿಗೂ ಬಿಡುತ್ತಿರಲಿಲ್ಲ. ಎಂಜಿನ್ನಿಗೆ ಪೆಟ್ರೋಲ್ ಎಷ್ಟು, ಗಾಳಿ ಎಷ್ಟು ಎಂದು ತೀರ್ಮಾನಿಸುವ ಸಣ್ಣ ಸ್ಕ್ರೂಗಳಿರುತ್ತವಲ್ಲ, ಅವನ್ನು ಕಣ್ಣು ಮುಚ್ಚಿ, ಕಿವಿಗೊಟ್ಟು ತಾನೇ ತಿರುಗಿಸುತ್ತಿದ್ದ. ಸದ್ದು ಮನಸ್ಸಿಗೆ ಬಂದ ಮೇಲೆ, ಗೊಂಬೆಗೆ ಬಣ್ಣ ಹಾಕುವ ಕೆಂಪು ಅರಗಿನ ಕಡ್ಡಿ ಕಾಯಿಸಿ ಸ್ಕ್ರೂಗಳ ಮೇಲೆ ಒಂದೊಂದು ತೊಟ್ಟು ಬಿಡುತ್ತಿದ್ದ. ಮರ ಕುಯ್ಯುವವರು ಸುಮ್ಮನಿರುವ ಪೈಕಿ ಅಲ್ಲ, ಸ್ಕ್ರೂ ಕಂಡರೆ ಅವರ ಕೈ ಕಡಿಯುತ್ತದೆ. ಅದನ್ನು ತಡೆಯಲೆಂದೇ ಈ ಅರಗು. ಆದರೆ ಅವರು ಅದನ್ನು ಬೇರೆ ಥರವೇ ತಿಳಿದುಕೊಂಡರು. ಮೆಹಬೂಬಣ್ಣನ ಅರಗಿರುವ ಮಿಷನ್ ಹಿಡಿದವನಿಗೆ ಏಟಾಗುವುದಿಲ್ಲ ಎಂಬ ಮಾತು ಹಬ್ಬಿತು. ಹತ್ತುವ ಮುಂಚೆ ಮರದ ಬುಡ ಮುಟ್ಟಿ ಕಣ್ಣಿಗೊತ್ತಿಕೊಳ್ಳುವವರು ಆ ಕೆಂಪು ಚುಕ್ಕೆಯನ್ನೂ ಮುಟ್ಟಿ ಕಣ್ಣಿಗೊತ್ತಿಕೊಳ್ಳತೊಡಗಿದರು. ಮೆಹಬೂಬ್ ನಕ್ಕು ಸುಮ್ಮನಾಗಿದ್ದ.

ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ಊಟಕ್ಕೆ ಕರೆದರೆ ಅವನು ಏಳಲಿಲ್ಲ. ಮಣೆಯ ಮೇಲೆ ಕೂತಂತೆಯೇ ಗೋಡೆಗೆ ಒರಗಿದ್ದ. ಎದುರಿಗೆ ಮಿಷನ್ ಓಡುತ್ತಲೇ ಇತ್ತು. ಸದ್ದು ಕೇಳುತ್ತಿದೆಯಲ್ಲ, ಕೆಲಸದಲ್ಲಿದ್ದಾನೆ ಎಂದುಕೊಂಡು ಸಾಬಿರಾ ನಿಧಾನವಾಗಿ ಸಾರಿಗೆ ಒಗ್ಗರಣೆ ಹಾಕಿ, ಅನ್ನ ಬಸಿದು ಬಂದಿದ್ದಳು.

ಅಂದಿನಿಂದ ಆ ಸದ್ದು ಅವಳನ್ನು ಬಿಟ್ಟಿಲ್ಲ. ಅವನ ಕೈಯಾಡಿದ ಮಿಷನ್ನುಗಳೆಲ್ಲ ನಿಂತಲ್ಲಿ ಓಡುವಾಗ ಒಂದೇ ಥರ ಗುಡುಗುಡು ಅನ್ನುತ್ತವೆ. ನಡುನಡುವೆ ಸಣ್ಣದೊಂದು ಏರು, ಗಂಟಲು ಸರಿಮಾಡಿಕೊಂಡ ಹಾಗೆ. ರಿಪೇರಿ ಮುಗಿದ ಮೇಲೂ ಅವಳು ಮಿಷನ್ ಆರಿಸುವುದಿಲ್ಲ. ಓಡಲು ಬಿಟ್ಟು ಅಡುಗೆಮನೆಗೆ ಬರುತ್ತಾಳೆ. ಅದು ಓಡುವಷ್ಟು ಹೊತ್ತು ಅವನು ಹಿತ್ತಲಿನ ಶೆಡ್ಡಿನಲ್ಲಿದ್ದಾನೆ. ಇಲ್ಲವೆಂದು ಅವಳಿಗೆ ಗೊತ್ತು, ಹುಚ್ಚಿಯೇನಲ್ಲ. ಆದರೂ ಇದ್ದಾನೆ. ಆಗ ಅವಳು ಶೆಡ್ಡಿನ ಕಡೆ ತಿರುಗಿ ನೋಡುವುದಿಲ್ಲ. ನೋಡಿದರೆ ಕಂಡಾನೋ ಎಂಬ ಭಯವೋ, ಕಾಣದಿದ್ದರೆ ಎಂಬ ಭಯವೋ, ಯಾವುದು ದೊಡ್ಡದೆಂದು ಅವಳಿಗೇ ತಿಳಿಯದು.

ಒಮ್ಮೆ ರಾಮನಗರಕ್ಕೆ ಕೊಟ್ಟ ಮಗಳು ಅಸ್ರಾ ಹೇಳದೆ ಕೇಳದೆ ಬಂದಳು. ಬಾಗಿಲಲ್ಲೇ ನಿಂತು, "ಅಮ್ಮಿ, ಯಾರ ಹತ್ರ ಮಾತಾಡ್ತಿದ್ದೀರ?" ಎಂದಳು.

"ಗಿರಾಕಿ ಬಂದಿದ್ದಾರೆ."

ಅಸ್ರಾ ಶೆಡ್ಡಿಗೆ ಹೋಗಿ ನೋಡಿದಳು. ಯಾರೂ ಇರಲಿಲ್ಲ. ಖಾಲಿ ಮಣೆಯ ಪಕ್ಕ ಒಂದು ಲೋಟ ಚಾ ಆರುತ್ತಾ ಕೂತಿತ್ತು. ಅವಳು ಮಿಷನ್ ಆಫ್ ಮಾಡಿಬಂದಳು. ಅದಕ್ಕೆ ಸಾಬಿರಾ ಅಂದು ಇಡೀ ದಿನ ಮಗಳ ಜೊತೆ ಮಾತು ಬಿಟ್ಟಳು.

ಹೀಗಿರುವಾಗ ಅವಳು ಅರಗು ಒಡೆಯುವುದೆಲ್ಲಿ ಬಂತು? ಪ್ಲಗ್ ಬದಲಿಸುತ್ತಿದ್ದಳು, ಫಿಲ್ಟರ್ ತೊಳೆಯುತ್ತಿದ್ದಳು, ಸವೆದ ಭಾಗ ಹಾಕುತ್ತಿದ್ದಳು. ಆ ಸ್ಕ್ರೂಗಳನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಗಿರಾಕಿಗಳೂ ಮುಟ್ಟಬೇಡ ಎಂದೇ ಕೇಳಿಕೊಳ್ಳುತ್ತಿದ್ದರು.

ದೊಡ್ಡಮಳೂರಿನ ಚೆಲುವಯ್ಯನೂ ಅದನ್ನೇ ಕೇಳಿದ. ಅವನು ಮರ ಕುಯ್ಯುವುದರಲ್ಲಿ ಪಳಗಿದ ಕೈ, ಮೆಹಬೂಬನ ಕಾಲದಿಂದಲೂ ಬರುವವನು. "ಜೋರಾಗಿ ಓಡ್ಸಿದ್ರೆ ಕಿರುಚ್ತೈತೆ ಕಣಕ್ಕ, ಆಮೇಲೆ ದಮ್ಮೇ ಇರಕಿಲ್ಲ. ಒಸಿ ನೋಡು. ಅಣ್ಣನ ಅರಗು ಮಾತ್ರ ಮುಟ್ಬ್ಯಾಡ" ಎಂದ.

ಒಂದು ಸಲ ಸ್ಟಾರ್ಟರ್ ಹಗ್ಗ ಎಳೆದು ಕೇಳಿದ್ದೇ ಸಾಬಿರಾಳಿಗೆ ಗೊತ್ತಾಯಿತು. ಎಂಜಿನ್ನಿಗೆ ಪೆಟ್ರೋಲ್ ಸಾಲುತ್ತಿಲ್ಲ. ಈಗ ಬಂಕಿನಲ್ಲಿ ಹಾಕುವುದು ಎಥನಾಲ್ ಹೆಚ್ಚು ಬೆರೆಸಿದ ಪೆಟ್ರೋಲ್. ಹಳೇ ಮಿಷನ್ನಿಗೆ ಅದನ್ನು ಮೊದಲಿಗಿಂತ ಸ್ವಲ್ಪ ಹೆಚ್ಚೇ ಕುಡಿಸಬೇಕು, ಸ್ಕ್ರೂ ಒಂದಿಷ್ಟು ಸಡಿಲಿಸಬೇಕು. ಕೈ ಅಲ್ಲಿಯವರೆಗೂ ಹೋಗಿ ಹಿಂದಕ್ಕೆ ಬಂತು. ಪ್ಲಗ್ಗು, ಪೈಪು ಬದಲಿಸಿ ಕೊಟ್ಟುಬಿಟ್ಟಳು. ಅವನೇ ಬೇಡ ಎಂದನಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ನೆಪ ಬೇಕಾದವರಿಗೆ ನೆಪಕ್ಕೇನು ಬರ.

ಕೆಲವು ದಿನಗಳಾದ ಮೇಲೆ ಚೆಲುವಯ್ಯ ಯಾರದೋ ಬೈಕಿನ ಹಿಂದೆ ಕೂತು ಬಂದ. ಬಲಗೈ ಕೊರಳಿಗೆ ಕಟ್ಟಿದ ಬಟ್ಟೆಯಲ್ಲಿ ತೂಗುತ್ತಿತ್ತು. ಹುಣಸೆ ಮರದ ಮೇಲಿದ್ದಾಗ ಮಿಷನ್ ಗಕ್ಕನೆ ಕಚ್ಚಿಕೊಂಡು ನಿಂತಿತಂತೆ. ಅರ್ಧ ಕುಯ್ದ ಕೊಂಬೆ ಸೀಳಿಕೊಂಡು ಬಂದು ಹೆಗಲಿಗೆ ಬಡಿಯಿತಂತೆ. ಸೊಂಟದ ಹಗ್ಗ ಹಿಡಿದುಕೊಂಡಿತು, ಇಲ್ಲದಿದ್ದರೆ ನೆಲಕ್ಕೆ ಬೀಳುತ್ತಿದ್ದ.

"ಅಣ್ಣನ ಅರಗಿದ್ದಿದ್ಕೆ ಜೀವ ಉಳ್ಕಂತು ಕಣಕ್ಕ" ಎಂದ ಚೆಲುವಯ್ಯ. "ಇಲ್ದಿದ್ರೆ ಅಲ್ಲೇ ಮುಗ್ದೋಗ್ತಿದ್ದೆ."

ಸಾಬಿರಾ ಬೈಕಿನಿಂದ ಮಿಷನ್ ಇಳಿಸಿಕೊಂಡಳು. "ಬಿಟ್ಟೋಗು" ಎಂದಷ್ಟೇ ಅಂದಳು.

ಸಿಲಿಂಡರ್ ಬಿಚ್ಚಿದಾಗ ಅವಳು ಹೆದರಿದ್ದೇ ಕಂಡಿತು. ಈ ಎಂಜಿನ್ನಿಗೆ ಎಣ್ಣೆ ಹೋಗುವುದೇ ಪೆಟ್ರೋಲಿನ ಜೊತೆ. ಪೆಟ್ರೋಲ್ ಸಾಲದೆ ಎಣ್ಣೆಯೂ ಸಾಲದೆ ಪಿಸ್ಟನ್ ಕಾದು, ಮೈತುಂಬ ಗೀರು ಬಿದ್ದು ಹಿಡಿದುಕೊಂಡಿತ್ತು. ಬೇರೆ ಹಳೇ ಮಿಷನ್ನಿನಿಂದ ಪಿಸ್ಟನ್, ಸಿಲಿಂಡರ್ ತೆಗೆದು ಹಾಕಿದಳು. ಹಗ್ಗ ಎಳೆದಳು. ಅದೇ ಗುಡುಗುಡು, ಅದೇ ಗಂಟಲು ಸರಿಮಾಡಿಕೊಂಡ ಸದ್ದು. ಬೆನ್ನ ಹಿಂದಿನ ಮಣೆಯ ಮೇಲೆ ಅವನು ಕೂತಿದ್ದಾನೆ ಎಂದು ಅವಳ ಬೆನ್ನಿಗೆ ಗೊತ್ತಾಗುತ್ತಿತ್ತು. ಕೇಳುತ್ತಿದ್ದಾನೆ. ಕಣ್ಣು ಮುಚ್ಚಿದ್ದಾನೆ.

ಆ ಸದ್ದು ಇನ್ನೂ ಬರುತ್ತಿರುವಾಗಲೇ ಅವಳು ಮೊದಲ ಸಲ ಹಿಂದಕ್ಕೆ ತಿರುಗಿದಳು.

ಗೋಡೆಗೆ ನೇತುಹಾಕಿದ ಚೈನುಗಳು, ಪೆಟ್ರೋಲ್ ಕ್ಯಾನು, ಮರದ ಮಣೆ. ಅಷ್ಟೇ ಇತ್ತು.

ಮಿಷನ್ ಆರಿಸಿದಳು. ದಬ್ಬಳದ ತುದಿಯನ್ನು ಅರಗಿಗೆ ಒತ್ತಿದಳು. ಇಷ್ಟು ದಿನ ಕಲ್ಲಿನಂತೆ ಕಂಡದ್ದು ಕಡಲೆಕಾಯಿ ಸಿಪ್ಪೆಯ ಹಾಗೆ ಒಡೆಯಿತು. ಕೆಂಪು ಪುಡಿ ಬೆರಳಿಗೆ ಹತ್ತಿತು. ಅವನ ಹೆಣಕ್ಕೆ ನೀರು ಹಾಕಿದ ದಿನವೂ ಹಾಗೆ ಅತ್ತಿರಲಿಲ್ಲ ಅವಳು. ಅಳುತ್ತಲೇ ಮತ್ತೆ ಹಗ್ಗ ಎಳೆದಳು, ಸ್ಕ್ರೂ ಸಡಿಲಿಸಿದಳು, ಕೇಳಿದಳು, ಇನ್ನೊಂದಿಷ್ಟು ಸಡಿಲಿಸಿದಳು. ಎಂಜಿನ್ ತಣ್ಣಗೆ, ಒಂದೇ ಸಮನೆ ಓಡತೊಡಗಿತು. ಸದ್ದು ಚೆನ್ನಾಗಿತ್ತು. ಅದು ಯಾರದೂ ಆಗಿರಲಿಲ್ಲ.

ಮುರಿದ ಹೆಗಲು ಕೂಡಿಕೊಂಡ ಮೇಲೆ ಚೆಲುವಯ್ಯ ಬಂದು ಮಿಷನ್ ತಿರುಗಿಸಿ ತಿರುಗಿಸಿ ನೋಡಿದ.

"ಅರಗೆಲ್ಲಕ್ಕ?"

"ಒಡ್ದಾಕ್ದೆ."

"ಯಾಕಕ್ಕ ಹಂಗ್ ಮಾಡ್ಬುಟ್ಟೆ? ನನ್ನ ಕಾಪಾಡಿದ್ದೇ ಅದು."

"ಅದು ಕಾಪಾಡ್ಲಿಲ್ಲ. ನಿನ್ ಹೆಗ್ಲು ಮುರ್ದಿದ್ದೇ ಅದು. ಈಗಿನ ಪೆಟ್ರೋಲ್‌ಗೆ ಆ ಸ್ಕ್ರೂ ತಿರುಗಿಸ್ಬೇಕಿತ್ತು. ನಂಗೊತ್ತಿತ್ತು. ನಾನು ತಿರುಗಿಸ್ಲಿಲ್ಲ."

ಚೆಲುವಯ್ಯ ಅವಳ ಮುಖವನ್ನೇ ನೋಡಿದ. ಅವನಿಗೆ ಹೆಗಲಿನ ನೋವಿಗಿಂತ ಬೇರೆಯದೇ ನೋವಾಗಿತ್ತು. "ಅಂದ್ರೆ, ಅಣ್ಣ ತಪ್ಪಾಗಿ ಇಟ್ಟಿದ್ರಾ?"

"ಇಲ್ಲ. ಅವ್ರು ಇಟ್ಟಾಗ ಸರಿಯಾಗೇ ಇತ್ತು." ಸಾಬಿರಾ ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟಳು. 'ಅವರು ಹೋದರು', 'ಅವರಿದ್ದಿದ್ದರೆ' ಎಂದೇ ಇಷ್ಟು ದಿನ ಹೇಳುತ್ತಿದ್ದವಳು ಅವಳು. "ಅವ್ರು ಸತ್ತೋದ್ರು ಚೆಲುವಯ್ಯ. ಪೆಟ್ರೋಲ್ ಬದ್ಲಾಗಿದ್ದು ಅವ್ರಿಗೆ ಗೊತ್ತಿಲ್ಲ."

ಅವನು ಮಿಷನ್ ಗೋಣಿಚೀಲಕ್ಕೆ ತುಂಬುತ್ತಾ, "ನಮ್ಮೂರಲ್ಲಿ, ಮಾಗಡಿ ಕಡೆ ಕಲ್ಯದಲ್ಲಿ, ಇನ್ನೂ ಎಷ್ಟೋ ಅರಗಿನ ಮಿಷನ್ ಅವೆ ಅಕ್ಕ" ಎಂದ. "ಎಲ್ರೂ ಅದನ್ನ ಮುಟ್ಕಂಡೇ ಮರ ಹತ್ತದು."

"ಎಲ್ಲಾನೂ ತರ್ಸು" ಎಂದಳು ಸಾಬಿರಾ. "ಒಂದೂ ಬಿಡ್ಬೇಡ."