ಏಳು ಗಂಟಿನ ಉಡದಾರ

ಮುಕ್ಕುಂದದ ತಿಮ್ಮವ್ವನಿಗೆ ಚಳಿಜ್ವರ ಬಂದದ್ದನ್ನು ಕಣ್ಣಾರೆ ಕಂಡವರು ಊರಲ್ಲಿ ಯಾರೂ ಉಳಿದಿರಲಿಲ್ಲ. ಕಂಡಿದ್ದ ತಾಯಿ ತೀರಿಕೊಂಡೇ ಮೂವತ್ತು ವರ್ಷವಾಗಿತ್ತು. ದಸರೆ ಮುಗಿದು, ತುಂಗಭದ್ರೆ ಇಳಿದು, ದಂಡೆಯ ತಗ್ಗುಗಳಲ್ಲಿ ನೀರು ನಿಂತಿತೆಂದರೆ ಊರಿಗೆ ಊರೇ ಕೌದಿ ಹೊದ್ದು ಗಡಗಡ ನಡುಗುತ್ತಿತ್ತು. ಲಿಂಗಸುಗೂರಿನ ಕಡೆಯಿಂದ ಕುರಿ ಹೊಡೆದುಕೊಂಡು ಬಂದ ಗಟ್ಟಿಮುಟ್ಟಾದ ಕುರುಬರು ಮೂರೇ ವಾರದಲ್ಲಿ ಹಂಚಿಕಡ್ಡಿಯಾಗಿ ಮರಳುತ್ತಿದ್ದರು. ತಿಮ್ಮವ್ವ ಮಾತ್ರ ಸೆರಗನ್ನು ಸೊಂಟಕ್ಕೆ ಸಿಗಿಸಿ, ಮನೆಮನೆಗೆ ಗಂಜಿ ಹೊತ್ತು ತಿರುಗುತ್ತಿದ್ದಳು.

ಅವಳು ಅಂಬಿಗರ ಹೆಂಗಸು. ಗಂಡ ಇರುವವರೆಗೆ ಹೊಳೆಯಲ್ಲಿ ಹರಿಗೋಲು ಹಾಕುತ್ತಿದ್ದ. ಇವಳು ಊರಿನ ಸೂಲಗಿತ್ತಿ. ಇನ್ನೂರು ಕೂಸುಗಳನ್ನಾದರೂ ಕೈಯಲ್ಲಿ ಹಿಡಿದವಳು, ತಾನು ಹೆತ್ತ ಐದರಲ್ಲಿ ಒಂದನ್ನು ಮಾತ್ರ ಉಳಿಸಿಕೊಂಡಿದ್ದಳು. ಉಳಿದ ನಾಲ್ಕನ್ನೂ ಜ್ವರ ಒಯ್ದಿತ್ತು. ಬದುಕಿದವಳು ಕರೆಮ್ಮ.

ತಿಮ್ಮವ್ವನದು ಒಂದು ಪದ್ಧತಿ ಇತ್ತು. ಜ್ವರ ಬಂದು ಬಿಟ್ಟ ಪ್ರತಿ ಸಲವೂ ಮಗುವಿನ ಉಡದಾರಕ್ಕೆ ಒಂದು ಗಂಟು. ಅದಕ್ಕೆಂದೇ ದಾರದ ತುದಿಯನ್ನು ಗೇಣುದ್ದ ಇಳಿಬಿಟ್ಟು ಕಟ್ಟುತ್ತಿದ್ದಳು. ಏಳು ಗಂಟಾದವೆಂದರೆ, "ಹೊಳಿ ಒಪ್ಪಿಕೊಂತು. ಇನ್ನ ಈ ಕೂಸಿಗೆ ಅಂಜಿಕಿಲ್ಲ" ಎಂದು ತೀರ್ಪು ಕೊಡುತ್ತಿದ್ದಳು. ಓದು ಬರಹ ಬಾರದ ಮುದುಕಿಯ ತೀರ್ಪು ಬಹುಮಟ್ಟಿಗೆ ಸುಳ್ಳಾಗುತ್ತಿರಲಿಲ್ಲ ಎಂಬುದೇ ಸೋಜಿಗ. ಏಳು ಗಂಟಿನ ಮಕ್ಕಳು ಆಮೇಲೆ ಜ್ವರ ಬಂದರೂ ಒಂದು ದಿನ ಮೈ ಬೆಚ್ಚಗಾಗಿ, ಮರುದಿನ ಎಮ್ಮೆ ಕಾಯಲು ಹೋಗುತ್ತಿದ್ದವು.

ಕರೆಮ್ಮನ ಉಡದಾರ, ಏಳೂ ಗಂಟಿನ ಸಮೇತ, ತಿಮ್ಮವ್ವನ ಮರದ ಪೆಟ್ಟಿಗೆಯಲ್ಲಿ ಭದ್ರವಾಗಿತ್ತು. ಕರೆಮ್ಮನನ್ನು ಮುದಗಲ್ಲಿಗೆ ಕೊಟ್ಟಿತ್ತು. ಗಂಡ ಅಂಬಪ್ಪ ಕೋಟೆಯ ಬಾಗಿಲ ಹತ್ತಿರ ಕಿರಾಣಿ ಅಂಗಡಿ ಇಟ್ಟವನು. ಅದು ಕಲ್ಲುನೆಲದ ಊರು. ಸೊಳ್ಳೆ ಕಡಿಮೆ, ಚಳಿಜ್ವರ ಅಪರೂಪ. ತವರಿಗೆ ಅವಳು ಬರುತ್ತಿದ್ದುದು ಯುಗಾದಿಗೆ, ಸುಡುಬಿಸಿಲಿನಲ್ಲಿ. ಮದುವೆಯಾಗಿ ಒಂಬತ್ತು ವರ್ಷದ ಮೇಲೆ ಬಸಿರು ನಿಂತಾಗ ತಿಮ್ಮವ್ವ ಹಿಗ್ಗಿ ಹೀರೇಕಾಯಿಯಾದಳು. ಏಳು ತಿಂಗಳು ತುಂಬುತ್ತಲೇ ಬಂಡಿ ಕಟ್ಟಿಸಿ ಮಗಳನ್ನು ಚೊಚ್ಚಲ ಹೆರಿಗೆಗೆ ಕರೆತಂದಳು. ದಸರೆ ಆಗಷ್ಟೇ ಮುಗಿದಿತ್ತು.

ಆ ವರ್ಷ ನಿಜಾಮರ ಸರ್ಕಾರದ ಮಲೇರಿಯಾ ನೌಕರ ಮಲೀಕಸಾಬ ಸಿಂಧನೂರಿನಿಂದ ಬಂದು ಊರ ಚಾವಡಿಯಲ್ಲಿ ಬಿಡಾರ ಹೂಡಿದ್ದ. ಅವನ ಬಳಿ ಹಿತ್ತಾಳೆ ಕೊಳವೆಯ ಖುರ್ದಬೀನು, ಅಂದರೆ ಸೂಕ್ಷ್ಮದರ್ಶಕ, ಒಂದಿತ್ತು. ಜನರ ಬೆರಳು ಚುಚ್ಚಿ, ಗಾಜಿನ ಮೇಲೆ ರಕ್ತ ಸವರಿ, ಕಣ್ಣಿಗೆ ಕಾಣದ್ದನ್ನು ಅದರೊಳಗೆ ನೋಡುತ್ತಿದ್ದ. ಮನೆಮನೆಗೆ ಕ್ವಿನೈನ್ ಗುಳಿಗೆ ಹಂಚುವುದೂ ಅವನದೇ ಕೆಲಸ.

"ಅವ್ವಾರ, ಬಸುರಿ ಹೆಣ್ಮಗಳು, ಹೊರಗಿನ ಊರಾಗ ಇದ್ದು ಬಂದಾಳ. ಸೊಳ್ಳಿ ಪರದೆ ಕಟ್ರಿ. ಮೈ ಬೆಚ್ಚಗಾದ್ರ ತಡಾ ಮಾಡಬ್ಯಾಡ್ರಿ, ಈ ಗುಳಿಗಿ ಇಟಗೋರಿ."

"ಏ ಸಾಬಾ, ಇಕಿ ಹೊರಗಿನಾಕಿ ಅಲ್ಲೋ! ಏಳು ಗಂಟಿನಾಕಿ" ಎಂದು ತಿಮ್ಮವ್ವ ನಕ್ಕಳು. "ಬಸುರಿಗೆ ನಿನ್ನ ಕಹಿ ಗುಳಿಗಿ ಉಷ್ಣ ಆಗತೈತಿ. ಕುರುಬರಿಗೆ ಕೊಡು ಹೋಗು."

ತವರಿಗೆ ಬಂದ ಹದಿನೆಂಟನೆಯ ದಿನ ಕರೆಮ್ಮನಿಗೆ ಚಳಿ ಹತ್ತಿತು. ತಿಮ್ಮವ್ವ ಮೂರು ಕೌದಿ ಹೊದಿಸಿ, "ನಾಳೆ ಬಿಡತೈತಿ" ಎಂದಳು. ನಾಳೆ ಬಿಡಲಿಲ್ಲ. ನಾಲ್ಕನೆಯ ದಿನ ಕರೆಮ್ಮನ ಕಣ್ಣು ಹಳದಿಯಾಗಿ, ಮಾತು ಎತ್ತೆತ್ತಲೋ ಹರಿಯಿತು. ಹಣೆಗೆ ಒದ್ದೆ ಬಟ್ಟೆ ಹಾಕುತ್ತಿದ್ದ ತಾಯಿಯ ಕೈಯನ್ನು ತಳ್ಳಿ, "ಯಾರ ಬೇ ನೀ? ನಮ್ಮವ್ವನ್ನ ಕರಿ" ಎಂದಳು.

ತಿಮ್ಮವ್ವ ಬರಿಗಾಲಲ್ಲಿ ಚಾವಡಿಗೆ ಓಡಿದಳು.

ಮಲೀಕಸಾಬ ಬಂದು ರಕ್ತ ತೆಗೆದು ನೋಡಿದ. ಸುಳ್ಳು ಧೈರ್ಯ ಹೇಳುವ ಮನುಷ್ಯನಲ್ಲ ಅವನು. "ಅವ್ವಾರ, ಜ್ವರದ ಹುಳ ರಕ್ತದಾಗ ತುಂಬ್ಯಾವ. ಗುಳಿಗಿ ಕೊಟ್ರ ಹೆರಿಗಿ ನೋವು ಈಗ್ಲೇ ಎದ್ದೀತು ಅಂತ ಅಂಜಿಕಿ ಐತಿ. ಕೊಡದಿದ್ರ ಇಬ್ಬರೂ ಉಳಿಯಂಗಿಲ್ಲ. ನೀವ ಹೇಳ್ರಿ."

ಇನ್ನೂರು ಹೆರಿಗೆ ಮಾಡಿಸಿದ ಕೈಯನ್ನು ಚಾಚಿ ತಿಮ್ಮವ್ವ ಗುಳಿಗೆ ತೆಗೆದುಕೊಂಡಳು. ಅದನ್ನು ನೀರಿನಲ್ಲಿ ಕರಗಿಸಿ, ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಹನಿಹನಿಯಾಗಿ ತಾನೇ ಕುಡಿಸಿದಳು. ಹೊತ್ತು ಹೊತ್ತಿಗೆ ಹೀಗೆ ನಾಲ್ಕು ದಿನ. ಐದನೆಯ ಬೆಳಿಗ್ಗೆ ಕರೆಮ್ಮ ಕಣ್ಣು ಬಿಟ್ಟು, "ಯವ್ವಾ, ಬಾಯಿ ಕಹಿ ಆಗೈತಿ ಬೇ" ಎಂದಾಗ, ಬೆಲ್ಲ ತರಲೆಂದು ಎದ್ದ ತಿಮ್ಮವ್ವ ಅಡುಗೆಮನೆಯ ಗೋಡೆಗೆ ಹಣೆ ಹಚ್ಚಿ ಬಿಕ್ಕಿ ಬಿಕ್ಕಿ ಅತ್ತಳು.

ಏಳನೆಯ ದಿನ ನೋವು ಎದ್ದಿತು. ಎಂಟರ ಕೂಸು ನಿಲ್ಲದು ಎನ್ನುವುದು ಊರ ಮಾತು. ಹುಟ್ಟಿದ ಹೆಣ್ಣುಮಗು ಬೊಗಸೆಯಲ್ಲಿ ಹಿಡಿಯುವಷ್ಟಿತ್ತು. ತಿಮ್ಮವ್ವ ಅದನ್ನು ಹತ್ತಿಯಲ್ಲಿ ಸುತ್ತಿ, ತನ್ನ ಎದೆಗೇ ಕಟ್ಟಿಕೊಂಡು ತಿಂಗಳು ಕಳೆದಳು. ಊರ ಮಾತು ಸುಳ್ಳಾಯಿತು.

ಕೂಸಿಗೆ ನಲವತ್ತು ದಿನವಾದ ಮೇಲೆ ಅವಳು ಚಾವಡಿಗೆ ಹೋಗಿ ಬೆರಳು ಮುಂದೆ ಮಾಡಿದಳು. "ನಂದೂ ನೋಡು ಸಾಬಾ. ನನಗ ಯಾಕ ಬರಂಗಿಲ್ಲ, ನನ್ನ ಮಗಳಿಗೆ ಯಾಕ ಬಂತು, ನನಗ ತಿಳೀಬೇಕು."

ಮಲೀಕಸಾಬ ರಕ್ತ ಸವರಿ, ನೀಲಿ ಬಣ್ಣ ಹಚ್ಚಿ ತೊಳೆದು, ಕೊಳವೆಯಡಿಯ ಕನ್ನಡಿಯನ್ನು ಬಿಸಿಲಿಗೆ ತಿರುಗಿಸಿಕೊಂಡು ಬಹಳ ಹೊತ್ತು ಹುಡುಕಿದ. ಕೊನೆಗೆ ಸರಿದು ಕುಳಿತು, "ನೋಡ್ರಿ" ಎಂದ.

ತಿಮ್ಮವ್ವ ಒಂದು ಕಣ್ಣು ಮುಚ್ಚಿ ಬಗ್ಗಿದಳು. ಮೊದಲು ಬರೀ ಬೆಳಕು. ಆಮೇಲೆ ಹರವಿದ ಜೋಳದಂತೆ ದುಂಡುದುಂಡನೆಯ ಕಾಳುಗಳು. ಅದರಲ್ಲೊಂದು ಕಾಳಿನೊಳಗೆ ಹರಳಿಟ್ಟ ಪುಟ್ಟ ಉಂಗುರ.

"ಅದ ಚಳಿಜ್ವರ, ಅವ್ವಾರ."

"ನನ್ನೊಳಗ?"

"ನಿಮ್ಮೊಳಗ. ಕಳ್ಳ ಮನ್ಯಾಗ ಅದಾನ, ಕೈ ಮಾತ್ರ ಎತ್ತಾಕ ಆಗವಲ್ದು. ಸಣ್ಣಾಕಿದ್ದಾಗ ಜ್ವರ ಬಂದ ಸಲಕ್ಕೊಮ್ಮೆ ನಿಮ್ಮ ರಕ್ತದಾಗ ಕಾವಲು ಹುಟ್ಟೈತಿ. ನಮ್ಮ ಡಾಕ್ಟರ್ ಸಾಹೇಬ್ರು ಅದಕ್ಕ ಆಂಟಿಬಾಡಿ ಅಂತಾರ. ಕಳ್ಳನ ಗುರುತು ಹಿಡಕೊಂಡು ಬಡಿಯೋದ ಅದರ ಕೆಲಸ. ಆದ್ರ ಗುರುತು ಮರೀಬಾರದು ಅಂದ್ರ ಕಳ್ಳ ಆಗಾಗ ಕಾಣಬೇಕು. ನಿಮ್ಮ ಮಗಳು ಒಂಬತ್ತು ವರ್ಷ ಮುದಗಲ್ಲಿನಾಗ ಇದ್ಲು. ಕಾವಲು ನಿದ್ದಿಹೋತು. ಮ್ಯಾಲ ಚೊಚ್ಚಲ ಬಸಿರು."

ತಿಮ್ಮವ್ವ ಮತ್ತೆ ಕೊಳವೆಗೆ ಕಣ್ಣು ಹಚ್ಚಿದಳು. ತನ್ನ ಮೈ ತನಗೆ ಗೊತ್ತು ಎಂದುಕೊಂಡಿದ್ದಳು. ತಾನು ಉಣ್ಣುವಾಗ, ನಿದ್ದೆ ಮಾಡುವಾಗ, ಕಂಡವರ ಕೂಸನ್ನು ಎತ್ತಿ ಆಡಿಸುವಾಗ, ಒಳಗೆ ಇಷ್ಟು ದೊಡ್ಡ ಕಾಳಗ ನಲವತ್ತು ವರ್ಷ ಸದ್ದಿಲ್ಲದೆ ನಡೆದಿತ್ತು. ಅವಳ ಕೈಗಳು ತಾವಾಗಿಯೇ ಮುಗಿದವು. ಆಮೇಲೆ ಇನ್ನೊಂದು ಹೊಳೆದು ಕೊಳವೆಯಿಂದ ತಟ್ಟನೆ ತಲೆ ಎತ್ತಿದಳು.

"ಹಂಗಾರ ನನ್ನ ರಕ್ತ ಕುಡಿದ ಸೊಳ್ಳಿನ ನನ್ನ ಮಗಳ್ನ ಕಡದಿರಬೇಕು?"

ಮಲೀಕಸಾಬ ತಲೆ ತಗ್ಗಿಸಿದ. "ಇರಬಹುದು. ಯಾರು ಹೇಳಾಕ ಬರತೈತಿ, ಅವ್ವಾ?" ಗಾಜನ್ನು ಒರೆಸಿಡುತ್ತ ಅವನೇ ಅಂದ: "ಇನ್ನೊಂದು ಕೇಳ್ರಿ. ಆ ಕಾವಲು ಹೊಟ್ಟ್ಯಾಗಿನ ಕೂಸಿಗೂ ಇಳಿತೈತಂತ. ಜ್ವರದಾಗ ಎಚ್ಚರಾದ ನಿಮ್ಮ ಮಗಳ ಕಾವಲು ಈಗ ಮೊಮ್ಮಗಳ ಮೈಯಾಗ ಐತಿ. ಕರೆಮ್ಮನ್ನ ಹಡದಾಗ ನೀವೂ ಹಂಗ ಕೊಟ್ಟೀರಿ."

"ಎಷ್ಟು ದಿನ ಇರತೈತಿ?"

"ಆರು ತಿಂಗಳ. ಆಮ್ಯಾಲ ಕರಗತೈತಿ. ಮಕ್ಕಳಿಗೆ ಗಂಡಾಂತರ ಅಂದ್ರ ಅಲ್ಲಿಂದ ಎರಡು ಮೂರು ವರ್ಷ."

ತಿಮ್ಮವ್ವ ಚಾವಡಿಯ ಮೆಟ್ಟಿಲ ಮೇಲೆ ಕುಳಿತು ಲೆಕ್ಕ ಹಾಕಿದಳು. ಅವಳ ಮೊದಲ ಮಗ ಅಂಬೆಗಾಲಿಟ್ಟು ಹೊಸಿಲು ದಾಟಿದ ವಾರ ಹೋಗಿದ್ದ. ಎರಡನೆಯದು ಹಲ್ಲು ಬರುವಾಗ. ಉಳಿದೆರಡು ತೊದಲು ಮಾತು ಕಲಿತ ಮೇಲೆ. ಹೊಸಿಲಿಗೆ ಸರಿಯಾಗಿ ಪೂಜೆ ಮಾಡಲಿಲ್ಲ, ಯಾರದೋ ಕಣ್ಣು ತಾಗಿತು ಎಂದು ಇಷ್ಟು ವರ್ಷ ತನ್ನನ್ನೇ ಬೈದುಕೊಂಡಿದ್ದಳು. ಹಾಗಾದರೆ ತಾನು ಕೊಟ್ಟದ್ದು ತೀರುವವರೆಗೆ ಅವೂ ಬದುಕಿದ್ದವು.

ಮೊಮ್ಮಗಳಿಗೆ ಐದು ತಿಂಗಳು ತುಂಬಿದ ವಾರ ಅವಳೇ ಅಂಬಪ್ಪನಿಗೆ ಹೇಳಿಕಳಿಸಿದಳು, ಬಂಡಿ ತಾ ಎಂದು. "ಇನ್ನೆರಡು ತಿಂಗಳು ಇರತೀನಿ ಬೇ. ಹೊಸಿಲು ದಾಟೋದು ನೀ ನೋಡಬ್ಯಾಡನು?" ಎಂದಳು ಕರೆಮ್ಮ. ಆ ಮಾತು ತಿಮ್ಮವ್ವನ ಕರುಳಿಗೇ ತಾಗಿತು. "ಮುದಗಲ್ಲಿಗೂ ಹೊಸಿಲದಾವ" ಎಂದು ಗದರಿ, ಬುತ್ತಿ ಕಟ್ಟಿದಳು.

ಬಂಡಿ ಸಿಂಧನೂರು, ಮಸ್ಕಿ ಹಾದು ಮೂರು ದಿನ ನಡೆಯಬೇಕು. ಹೊರಡುವ ಮುಂಚೆ ಕೂಸನ್ನು ಮಡಿಲಲ್ಲಿ ಮಲಗಿಸಿಕೊಂಡು ಹೊಸ ಉಡದಾರ ಕಟ್ಟಿದಳು. ರೂಢಿಯಂತೆ ತುದಿ ಗೇಣುದ್ದ ಇಳಿಬಿಟ್ಟಳು. ಅದಕ್ಕೆ ಒಂದು ಗಂಟು ಹಾಕಿದಳು.

"ಕೂಸಿಗೆ ಜ್ವರಾನ ಬಂದಿಲ್ಲಲ್ಲ ಯವ್ವಾ?" ಎಂದು ಕರೆಮ್ಮ ಕೇಳಿದಳು.

"ಇದು ನಿಂದು" ಎಂದಳು ತಿಮ್ಮವ್ವ. "ನೀ ಪಟ್ಟಿದ್ದು ಇಕಿ ಮೈಯಾಗ ಐತಿ."

ಆಮೇಲೆ ಕುಡುಗೋಲು ತಂದು, ಆ ಒಂದು ಗಂಟಿನ ಆಚೆಗೆ ಉಳಿದಿದ್ದ ದಾರವನ್ನೆಲ್ಲ ಕೊಯ್ದು ಒಲೆಗೆ ಹಾಕಿದಳು.